ಅಳಿವೆಯಿಂದ ಆಳಸಮುದ್ರದವರೆಗೆ: ಬೋಳಾರದಿಂದ ಒಂದು ಮನವಿ ಪತ್ರ

ಇವರಿಗೆ: ನಿರ್ದೇಶಕರು, ಮೀನುಗಾರಿಕೆ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಮಂಗಳೂರಿನ ಅಳಿವೆ, ತೀರ ಮತ್ತು ಆಳಸಮುದ್ರಗಳಿಗೆ ಪ್ರತ್ಯೇಕ ಕಡಲ ಮಾಹಿತಿ ಹಾಗೂ ಸುರಕ್ಷತಾ ವ್ಯವಸ್ಥೆ ಒದಗಿಸುವ ಬಗ್ಗೆ

ಮಂಗಳೂರಿನ ಧಕ್ಕೆಯಿಂದ ಮೀನಿಗೆ ಹೊರಡುವ ದೋಣಿ ಮೂರು ಬಗೆಯ ನೀರನ್ನು ದಾಟುತ್ತದೆ. ಬೋಳಾರ, ಹೊಯಿಗೆ ಬಜಾರ್‌ಗಳ ಬದಿಯಲ್ಲಿ ಹರಿದುಬರುವ ನೇತ್ರಾವತಿಯೂ ಬಡಗಿನಿಂದ ಇಳಿಯುವ ಫಲ್ಗುಣಿಯೂ ಕೂಡಿ ಕಡಲು ಸೇರುವ ಅಳಿವೆ ಮೊದಲನೆಯದು. ದಡದ ತೆಂಗಿನ ಸಾಲು ಕಣ್ಣಿಗೆ ಬೀಳುವಷ್ಟು ದೂರದ ತೀರದ ನೀರು ಎರಡನೆಯದು. ದಡ ಮರೆಯಾದ ಮೇಲಿನ ಆಳಸಮುದ್ರ ಮೂರನೆಯದು. ಇವುಗಳ ಗಾಳಿ, ಅಲೆ, ಮೀನು, ಅಪಾಯ ಎಲ್ಲವೂ ಬೇರೆ ಬೇರೆ. ಆದರೆ ಮೀನುಗಾರರಿಗೆ ತಲುಪುವ ಎಚ್ಚರಿಕೆ ಬಹುಮಟ್ಟಿಗೆ ಇಡೀ ಕರಾವಳಿಗೆ ಸೇರಿಸಿ ಹೇಳಿದ ಒಂದೆರಡು ಸಾಲು. ಈ ಮನವಿಗೆ ಮೂಲ ಕಾರಣ ಇದು.

ಬೆಂಗರೆಯ ಮರಳು ದಿಣ್ಣೆ ಮತ್ತು ಉಳ್ಳಾಲದ ಕೋಟೆಪುರದ ನಡುವಿನ ಅಳಿವೆ ಬಾಗಿಲು ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ಮಳೆಗಾಲದಲ್ಲಿ ಎರಡು ನದಿಗಳು ಘಟ್ಟದಿಂದ ತರುವ ಹೂಳನ್ನು ಕಡಲಿನ ಅಲೆ ಹಿಂದಕ್ಕೆ ತಳ್ಳುತ್ತದೆ. ನಡುವೆ ಮರಳ ದಿಬ್ಬ ಕಟ್ಟುತ್ತದೆ, ಕರಗುತ್ತದೆ, ಜಾಗ ಬದಲಿಸುತ್ತದೆ. ಕಳೆದ ಋತುವಿನಲ್ಲಿ ಬೋಟು ಸಲೀಸಾಗಿ ಹೋದ ದಾರಿಯಲ್ಲಿ ಈ ಋತುವಿನಲ್ಲಿ ತಳ ತಾಗಬಹುದು. ಬೋಟು ನಡೆಸುವ ತಂಡೇಲ ಅಲ್ಲಿ ಎಂಜಿನ್ನಿನ ವೇಗ ತಗ್ಗಿಸಿ, ಅಲೆ ಎಲ್ಲಿ ಬೆಳ್ಳಗೆ ಒಡೆಯುತ್ತಿದೆ ಎಂದು ನೋಡುತ್ತಾನೆ. ಬಿಳಿ ನೊರೆ ಎದ್ದಲ್ಲಿ ನೀರು ಕಡಿಮೆ, ಅಲೆ ಒಡೆಯದೆ ಉಬ್ಬಿ ಸಾಗುವಲ್ಲಿ ಆಳ. ಇಳಿತದ ಹೊತ್ತಾದರೆ ಹಿಡಿದ ಮೀನು ಮಂಜುಗಡ್ಡೆಯಲ್ಲಿರುವಂತೆಯೇ ಭರತಕ್ಕೆ ಕಾಯಬೇಕು. ನದಿಯ ಸೆಳೆತ ಹೊರಕ್ಕೆ, ಪಡುಗಾಳಿಯ ಅಲೆ ಒಳಕ್ಕೆ ಬಂದು ಡಿಕ್ಕಿಯಾಗುವ ಗಳಿಗೆಯಲ್ಲಿ ಚಿಕ್ಕ ದೋಣಿಗೆ ಅನುಭವವೊಂದೇ ಆಸರೆ. ಆದ್ದರಿಂದ ಪ್ರತಿ ಋತು ತೆರೆಯುವ ಮೊದಲು ಮತ್ತು ದೊಡ್ಡ ನೆರೆ ಇಳಿದ ಕೂಡಲೇ ಅಳಿವೆಯ ಆಳ ಅಳೆಯಬೇಕು. ದಾರಿಯ ಎರಡೂ ಬದಿಗೆ ರಾತ್ರಿ ಉರಿಯುವ ತೇಲುಗುರುತು ಹಾಕಬೇಕು. ಅಳತೆಯನ್ನು ಧಕ್ಕೆಯ ಫಲಕದಲ್ಲಿ ಮೀನುಗಾರರು ಬಳಸುವ ಮಾರು ಲೆಕ್ಕದಲ್ಲೇ ಬರೆಯಬೇಕು. ಮನವಿಯ ಬೇಡಿಕೆಗಳಲ್ಲಿ ಇದು ಅತ್ಯಂತ ತುರ್ತಿನದು.

ತೀರದ ನೀರು ಮಳೆಗಾಲದಲ್ಲಿ ಶ್ರೀಮಂತವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೇಲ್ಮೈ ನೀರು ಸುಮಾರು 30 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ನೈಋತ್ಯ ಮುಂಗಾರು ಹಿಡಿದ ಮೇಲೆ ಕರಾವಳಿಯ ಪ್ರವಾಹ ತೆಂಕಕ್ಕೆ ತಿರುಗಿ, ಆಳದ ತಂಪು ನೀರು ಮೇಲೇರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಪ್ಲವಕ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ, ಬಂಗುಡೆ ಗುಂಪಾಗಿ ದಡದತ್ತ ಬರುತ್ತವೆ. ತೂಫಾನು ಎದ್ದು ಕಡಲನ್ನು ಕಲಕಿ ಶಾಂತವಾದ ಮೇಲೆ ಮೀನು ಬೀಳುತ್ತದೆ ಎಂಬ ನಾಡದೋಣಿಯವರ ಅನುಭವವನ್ನು ಕೇವಲ ನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೂತಾಯಿ ಮೊಟ್ಟೆಯಿಡುವ ಕಾಲವೂ ಇದೇ ಆದ್ದರಿಂದ ನಿಷೇಧ ನ್ಯಾಯವಾದುದು. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿಯಿದೆ. ಅಂದರೆ ಕಡಲು ಅತಿ ಒರಟಾದ ದಿನಗಳಲ್ಲಿ ಅತಿ ಚಿಕ್ಕ ದೋಣಿಗಳೇ ನೀರಿಗಿಳಿಯುತ್ತವೆ. ಈ 61 ದಿನಗಳಿಗೆ ತೀರದ ಅಲೆಯ ಎತ್ತರ, ಗಾಳಿಯ ದಿಕ್ಕು, ಭರತ ಇಳಿತದ ವೇಳೆಯನ್ನು ಪ್ರತಿ ನಸುಕಿನಲ್ಲಿ ಕನ್ನಡ, ತುಳು, ಬ್ಯಾರಿ ಭಾಷೆಗಳ ಧ್ವನಿಸಂದೇಶವಾಗಿ ಕಳುಹಿಸಬೇಕು. ಕೈಯಲ್ಲಿ ಬಲೆ ಹಿಡಿದವನು ಪರದೆ ಓದಲಾರ.

ತೀರದಿಂದ 6 ಕಿಲೋಮೀಟರ್‌ವರೆಗಿನ ನೀರು ಸಾಂಪ್ರದಾಯಿಕ ದೋಣಿಗಳದು. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಆಶಯವೂ ಅದೇ. ರಂಪಣಿ ಬಲೆಯನ್ನು ಊರೆಲ್ಲ ಕೂಡಿ ದಡಕ್ಕೆ ಎಳೆಯುತ್ತಿದ್ದ ಕಾಲ 1970ರ ದಶಕದಲ್ಲಿ ಪರ್ಸಿನ್ ಬೋಟುಗಳು ಬಂದ ಮೇಲೆ ಮುಗಿಯಿತು. ಉಳಿದಿರುವ ಕೈರಂಪಣಿ, ಬೀಸುಬಲೆಗಳಿಗೆ ಈ ಪಟ್ಟಿಯೇ ಜೀವ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಈ ನಿಷೇಧಗಳ ಪಾಲನೆಗೆ ರಾತ್ರಿ ಗಸ್ತು ಹೆಚ್ಚಿಸಬೇಕು.

ಆಳಸಮುದ್ರದ ಟ್ರಾಲ್ ಬೋಟುಗಳು ಡೀಸೆಲ್, ಮಂಜುಗಡ್ಡೆ, ಅಕ್ಕಿ, ನೀರು ತುಂಬಿಕೊಂಡು ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಡಲಲ್ಲೇ ಇರುತ್ತವೆ. ಮದಿಮಾಲ್, ಪಾಂಬೋಲ್, ಬೊಂಡಾಸ್ ಅಲ್ಲಿನ ಫಸಲು. ಹೊರಡುವಾಗ ಇದ್ದ ಹವೆ ಮರಳುವವರೆಗೆ ಇರುತ್ತದೆಂಬ ಭರವಸೆಯಿಲ್ಲ. 2017ರ ಒಖಿ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತಗಳು ಇದನ್ನು ತೋರಿಸಿಕೊಟ್ಟಿವೆ. ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಹೊರಟ ಸುವರ್ಣ ತ್ರಿಭುಜ ಬೋಟು ಎರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಅದರಲ್ಲಿ ಏಳು ಮೀನುಗಾರರಿದ್ದರು. ಅವಶೇಷ ಮಹಾರಾಷ್ಟ್ರದ ಮಾಲ್ವಣ ಬಳಿ ಕಡಲ ತಳದಲ್ಲಿ ಪತ್ತೆಯಾದದ್ದು ಮರುವರ್ಷದ ಮೇ ತಿಂಗಳಲ್ಲಿ. ಆ ಏಳು ಮನೆಗಳು ಅಷ್ಟು ತಿಂಗಳು ಬಾಗಿಲು ನೋಡುತ್ತಾ ಕುಳಿತಿದ್ದವು. ಮೊಬೈಲ್ ಸಿಗ್ನಲ್ ಸಿಗದ ದೂರಕ್ಕೆ ಹೋಗುವ ಪ್ರತಿ ಬೋಟಿಗೂ ಎರಡೂ ಕಡೆಯಿಂದ ಸಂದೇಶ ಹೋಗಿಬರುವ ಉಪಗ್ರಹ ಸಾಧನ ಇರಬೇಕು, ಅದು ಸುಸ್ಥಿತಿಯಲ್ಲಿದೆಯೇ ಎಂದು ಬೋಟು ಹೊರಡುವ ಮೊದಲು ಧಕ್ಕೆಯಲ್ಲೇ ಪರೀಕ್ಷಿಸಬೇಕು.

ಇದಕ್ಕೆ ಬೇಕಾದ ಜ್ಞಾನಕ್ಕೆ ಕೊರತೆಯಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರ ಬೋಳಾರದಲ್ಲೇ ಇದೆ. ಇದೇ ನಗರದಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೇಲ್ಮೈ ನೀರಿನ ಉಷ್ಣತೆ ಮತ್ತು ಪತ್ರಹರಿತ್ತನ್ನು ಉಪಗ್ರಹದಿಂದ ಗಮನಿಸಿ, ಮೀನು ಸಿಗಬಹುದಾದ ಜಾಗದ ದಿಕ್ಕು, ದೂರ, ಆಳ ತಿಳಿಸುತ್ತದೆ. ಮೀನು ಎಲ್ಲಿದೆ ಎಂಬ ಈ ಮಾಹಿತಿಯ ಜೊತೆಗೆ ಅಲ್ಲಿಗೆ ಹೋಗಿ ಅಳಿವೆ ದಾಟಿ ಮರಳಲು ಸಾಧ್ಯವೇ ಎಂಬುದೂ ಒಂದೇ ಪ್ರಕಟಣೆಯಲ್ಲಿ ಸಿಗಬೇಕು. ಈ ಸಂಸ್ಥೆಗಳ ತಜ್ಞರು, ಇಲಾಖೆಯ ಅಧಿಕಾರಿಗಳು, ನಾಡದೋಣಿ, ಟ್ರಾಲ್ ಮತ್ತು ಪರ್ಸಿನ್ ಮೂರೂ ವಿಭಾಗಗಳ ತಂಡೇಲರು ಇರುವ ಸಮಿತಿಯೊಂದನ್ನು ರಚಿಸಿ, ಬರುವ ಆಗಸ್ಟ್ 1ರಂದು ಬೋಟುಗಳು ಕಡಲಿಗಿಳಿಯುವ ಮೊದಲು ಅಳಿವೆಯ ಮೊದಲ ಅಳತೆಯನ್ನು ಅದರ ಸಮ್ಮುಖದಲ್ಲೇ ನಡೆಸಬೇಕೆಂದು ಕೋರಲಾಗಿದೆ.

ಸ್ಥಳ: ಬೋಳಾರ, ಮಂಗಳೂರು