ವಿನಿಮಯ ಅಂತಾರೆ, ಕೊಟ್ಟವರ್ಯಾರು, ಕೊಂಡವರ್ಯಾರು?

ನಾನು ಹಾಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಐದು ತಿಂಗಳು ಓದಿ ಬಂದವನು. 2023ರ ಫೆಬ್ರವರಿಯಲ್ಲಿ ಹೋದೆ, ಜುಲೈ ಮೊದಲ ವಾರ ಬಂದೆ. ಬಂದಾಗ ಕೇರಿಯವರು ಹಾರ ಹಾಕಿದರು. ವಿಭಾಗದಲ್ಲಿ ಶಾಲು ಹೊದಿಸಿದರು. ಭಾಷಣಕ್ಕೆ ನಿಂತ ಪ್ರಾಧ್ಯಾಪಕರೊಬ್ಬರು, 'ಬಾಗಿಲು ಎಲ್ಲರಿಗೂ ತೆರೆದಿದೆ, ಒಳಗೆ ಹೋಗುವ ಛಲ ಬೇಕು ಅಷ್ಟೆ' ಅಂದರು. ನಾನು ಶಾಲು ಹೊದ್ದು ಸುಮ್ಮನೆ ಕೂತಿದ್ದೆ. ಅವತ್ತು ಬಾಯಿ ಬಿಡಲಿಲ್ಲವಲ್ಲ ಅಂತ ಇವತ್ತಿಗೂ ನಾಚಿಕೆ. ಅದಕ್ಕೇ ಇದನ್ನು ಬರೀತಿದ್ದೀನಿ.

ಶುದ್ಧ ಸುಳ್ಳು ಅದು. ಆ ವರ್ಷ ನಮ್ಮಲ್ಲಿ ಇಬ್ಬರು ಆಯ್ಕೆಯಾಗಿದ್ದೆವು. ನಾನು ಚರಿತ್ರೆ ವಿಭಾಗ. ಇನ್ನೊಬ್ಬಳು ಅರ್ಥಶಾಸ್ತ್ರ, ಲೇಡೀಸ್ ಹಾಸ್ಟೆಲಿನವಳು, ನನಗಿಂತ ಎರಡು ಪಟ್ಟು ಓದುವವಳು. ಅವಳು ಹೋಗಲಿಲ್ಲ. ಛಲ ಇರಲಿಲ್ಲವಾ? ಕೇಳಿ.

ವಿನಿಮಯ ಅಂದರೆ ಎರಡು ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದ. ನಿನ್ನ ಫೀ ನಿನ್ನ ವಿಶ್ವವಿದ್ಯಾಲಯಕ್ಕೇ ಕಟ್ಟಿದರೆ ಸಾಕು, ಅಲ್ಲಿ ಕಟ್ಟಬೇಕಿಲ್ಲ. ಕೇಳೋಕೆ ಬಲು ಚೆಂದ. ಆದರೆ ವೀಸಾ ಕೊಡಬೇಕಾದರೆ ಡಚ್ ವಲಸೆ ಇಲಾಖೆ ಇನ್ನೊಂದು ಕೇಳುತ್ತೆ: ಇಲ್ಲಿರುವಷ್ಟು ತಿಂಗಳು ಬದುಕಲು ನಿನ್ನ ಹತ್ತಿರ ದುಡ್ಡಿದೆಯಾ, ತೋರಿಸು. ತಿಂಗಳಿಗೆ ಸಾವಿರ ಯೂರೋಗೂ ಹೆಚ್ಚು. ನಮ್ಮ ದುಡ್ಡಲ್ಲಿ ಹೆಚ್ಚುಕಡಿಮೆ ಲಕ್ಷ. ಐದು ತಿಂಗಳಿಗೆ ಐದು ಲಕ್ಷವಾಯಿತು. ಹೋಗುವ ಮೊದಲೇ ಬ್ಯಾಂಕಿನಲ್ಲಿರಬೇಕು. ಅಲ್ಲಿ ಹೋಗಿ ದುಡಿದು ತಿನ್ನುತ್ತೀನಿ ಅಂದರೆ, ಯೂರೋಪಿನವನಲ್ಲದ ವಿದ್ಯಾರ್ಥಿ ವಾರಕ್ಕೆ 16 ಗಂಟೆಗಿಂತ ಹೆಚ್ಚು ದುಡಿಯುವ ಹಾಗಿಲ್ಲ, ಬೇಸಿಗೆಯ ಮೂರು ತಿಂಗಳಲ್ಲಿ ಬಿಟ್ಟರೆ. ಅದಕ್ಕೂ ಮಾಲೀಕನೇ ಪರವಾನಗಿ ತರಬೇಕು.

ನಮ್ಮ ವಿಭಾಗದ ಒಪ್ಪಂದದಲ್ಲಿ ಯೂರೋಪಿನ ಎರಾಸ್ಮಸ್ ಯೋಜನೆಯ ಹಣ ಸೇರಿತ್ತು. ಅದನ್ನೇ ತೋರಿಸಿ ನಾನು ವೀಸಾ ಪಡೆದೆ. ಅವಳ ವಿಭಾಗದ ಒಪ್ಪಂದದಲ್ಲಿ ಬರೀ ಫೀ ಮಾಫಿ. ಅವಳಪ್ಪ ಗಾರೆ ಕೆಲಸದವನು. ಐದು ಲಕ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತಾ ಅಂದರೆ ಆತ ಎಲ್ಲಿಂದ ತಂದಾನು? ಸೀಟು ಖಾಲಿಯೇ ಹೋಯಿತು. ಅದೇ ವರ್ಷ ಅಲ್ಲಿಂದ ಮೂವರು ನಮ್ಮಲ್ಲಿಗೆ ಬಂದರು, ಗೆಸ್ಟ್ ಹೌಸಿನಲ್ಲಿದ್ದರು, ಬಿಸಿನೀರು ಕಾಯುತ್ತಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಹುಡುಗರು. ಮೂವರು ಬಂದರು, ಒಬ್ಬ ಹೋದ. ಇದಕ್ಕೆ ವಿನಿಮಯ ಅಂತ ಹೆಸರು!

ನಾನಾದರೂ ಹೋದದ್ದು ಹೇಗೆ? ಸುತ್ತೋಲೆ ಬಂದು ತಿಂಗಳಾಗಿತ್ತು, ಒಂದು ಡ್ರಾಯರಿನಲ್ಲಿ ತಣ್ಣಗೆ ಮಲಗಿತ್ತು. ನಮ್ಮ ಕಡೆಯ ಅಟೆಂಡರ್ ಅಣ್ಣ ಕಿವಿಯಲ್ಲಿ ಹೇಳಿದ. ಕೊನೆಯ ತಾರೀಕಿಗೆ ನಾಲ್ಕು ದಿನ ಇತ್ತು. ಎರಾಸ್ಮಸ್ ಹಣ ಕೈಗೆ ಬರುವುದು ಅಲ್ಲಿಗೆ ಹೋದ ಮೇಲೆ, ವಿಮಾನದ ಟಿಕೇಟು ಕೊಳ್ಳಬೇಕಾದ್ದು ಅದಕ್ಕೂ ಮೊದಲು. ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದಳು. ನನ್ನ ಛಲ ಅಂತ ಶಾಲು ಹೊದಿಸಿದರಲ್ಲ, ಅದರಲ್ಲಿ ಅಟೆಂಡರ್ ಅಣ್ಣನದೆಷ್ಟು, ಅವ್ವನದೆಷ್ಟು, ಲೆಕ್ಕ ಹಾಕಿ.

ಇನ್ನು ಅಲ್ಲಿನ ತರಗತಿ. ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಕಸಿದು ತರಬೇಕಾದ ಸರಕು ಇರುವುದು ಇಲ್ಲೇ. ಹನ್ನೆರಡು ಹದಿನೈದು ಜನ ಮೇಜಿನ ಸುತ್ತ ಕೂರುತ್ತೇವೆ. ಮೇಷ್ಟರೂ ಅಲ್ಲೇ. ಹುಡುಗರು ಬ್ರೆಡ್ಡು ತಿನ್ನುತ್ತಲೇ ಮೇಷ್ಟರನ್ನು ಹೆಸರು ಹಿಡಿದು ಕರೆದು, 'ನೀವು ಹೇಳಿದ್ದು ನಾನೊಪ್ಪಲ್ಲ' ಅಂತಾರೆ. ಮೇಷ್ಟರು ಬರೆದುಕೊಳ್ಳುತ್ತಾರೆ! ನನಗೆ ಮಾತ್ರ ಬಾಯಿ ತೆರೆದರೆ 'ಸಾರ್' ಅಂತಲೇ ಬರೋದು. ಮೊದಲ ಪ್ರಬಂಧ ಬರೆದೆ, ಹನ್ನೆರಡು ಪುಟ, ಊರಲ್ಲಿ ನೋಟ್ಸ್ ಉರು ಹೊಡೆದ ಶಿಸ್ತಿನಲ್ಲಿ. ಅಲ್ಲಿ ಅಂಕ ಹತ್ತಕ್ಕೆ. ಐದೂವರೆ ಬಂದರೆ ಪಾಸು, ಎಂಟು ಬಂದರೆ ಹಬ್ಬ, ಹತ್ತನ್ನು ಕಂಡವರೇ ಕಮ್ಮಿ. ನನಗೆ ಐದು. ಕೆಳಗೆ ಬರೆದಿದ್ದರು: 'ಯಾರು ಯಾರು ಏನೇನು ಹೇಳಿದ್ದಾರೆ ಅಂತ ಚೆನ್ನಾಗಿ ಬರೆದಿದ್ದೀಯ. ನೀನೇನು ಹೇಳುತ್ತೀಯ?'

ಗೆಳೆಯರೆ, ಹದಿನೇಳು ವರ್ಷ ಓದಿದವನು ನಾನು. ಆ ಪ್ರಶ್ನೆಯನ್ನು ಯಾವ ಮೇಷ್ಟರೂ ನನಗೆ ಕೇಳಿರಲಿಲ್ಲ. ಕೈ ಕಟ್ಟಿ ನಿಲ್ಲು ಅಂದಿದ್ದರು, ಬಾಯಿಪಾಠ ಒಪ್ಪಿಸು ಅಂದಿದ್ದರು, ಸ್ಕಾಲರ್‌ಶಿಪ್ಪಿನವರೆಲ್ಲ ಎದ್ದು ನಿಲ್ಲಿ ಅಂದಿದ್ದರು. ಅವತ್ತು ರಾತ್ರಿ ಕೋಣೆಯಲ್ಲಿ ಅತ್ತೆ. ಆಮೇಲೆ ಅದೇ ಪ್ರಬಂಧವನ್ನು ಮತ್ತೆ ಬರೆದೆ, ನಮ್ಮೂರ ಕೆರೆಯ ನೀರು ಯಾರಿಗೆ ಹೋಗುತ್ತೆ ಅನ್ನುವುದರಿಂದ ಶುರು ಮಾಡಿ. ಏಳೂವರೆ ಬಂತು.

ಹಾಗಂತ ಆ ದೇಶವನ್ನು ಸ್ವರ್ಗ ಅಂತ ಹೊಗಳಿ ಹಾಡಲಾರೆ. ಮನೆ ಹುಡುಕಿ ನೋಡಿ, ಗೊತ್ತಾಗುತ್ತೆ. ಕೋಣೆಗಳ ಬರ ಎಷ್ಟೆಂದರೆ, ಕೋಣೆ ಸಿಗದವರು ಬರಲೇಬೇಡಿ ಅಂತ 2022ರಲ್ಲಿ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯವೇ ಹೊರದೇಶದ ವಿದ್ಯಾರ್ಥಿಗಳಿಗೆ ಹೇಳಿತ್ತು. ವಿದ್ಯಾರ್ಥಿಗಳೇ ಸೇರಿ ಬಾಳುವ ಮನೆಗಳಲ್ಲಿ ಹೊಸಬರನ್ನು ಸಂಜೆ ಕರೆಸಿ, ಬಿಯರ್ ಕುಡಿಸಿ, ಮಾತಾಡಿಸಿ ಆರಿಸುತ್ತಾರೆ. ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಕೆಲವು ಜಾಹೀರಾತಿನಲ್ಲಿ ಮೊದಲೇ ಬರೆದಿರುತ್ತೆ, ಹೊರದೇಶದವರು ಬೇಡ ಅಂತ. ವಿಳಾಸವಿಲ್ಲದೆ ನಗರಸಭೆಯಲ್ಲಿ ಹೆಸರು ಹತ್ತುವುದಿಲ್ಲ, ಹೆಸರು ಹತ್ತದೆ ಮುಂದಿನ ಕೆಲಸ ಒಂದೂ ಸಾಗುವುದಿಲ್ಲ. ಮನೆ ಕೇಳಲು ಹೋಗಿ 'ನೀವು ಯಾವ ಜನ' ಅಂತ ಕೇಳಿಸಿಕೊಂಡವರು ನಾವು. ಅದೂ ಇದೂ ಒಂದೇ ಅಂತ ನಾನು ಹೇಳಲ್ಲ. ಅಲ್ಲಿ ನನ್ನ ಪಾಸ್‌ಪೋರ್ಟ್ ನೋಡಿ ಬಾಗಿಲು ಹಾಕಿದರು, ನನ್ನ ಅಪ್ಪನ ಕೆಲಸ ನೋಡಿ ಅಲ್ಲ.

ಅಪ್ಪನ ಕೆಲಸ ಕೇಳಿದವರು ಬೇರೆ ಇದ್ದರು. ಕೊನೆಗೆ ಸಿಕ್ಕ ಕಟ್ಟಡದಲ್ಲಿ ಒಂದೇ ಅಡಿಗೆಮನೆ. ಅಲ್ಲಿ ನಮ್ಮ ದೇಶದವರದೇ ಒಂದು ಮೂಲೆ, ಬೇರೆ ಪಾತ್ರೆ, ಶುದ್ಧ ಸಸ್ಯಾಹಾರ ಅಂತ ಚೀಟಿ. ಮೊದಲ ದಿನವೇ ಒಬ್ಬ ನಗುನಗುತ್ತಾ, 'ನಿಮ್ಮ ಸರ್‌ನೇಮ್ ಏನು ಗುರೂ?' ಅಂದ. ನಮ್ಮ ಕಡೆ ಸರ್‌ನೇಮ್ ಇಲ್ಲ ಅಂದರೆ, 'ಅಪ್ಪ ಏನು ಮಾಡ್ತಾರೆ?' ಅಂದ. ಗುರುತು ಸಿಕ್ಕ ಮೇಲೆ ಗುರೂ ಅನ್ನೋದು ನಿಂತಿತು.

ಅದೇ ದೇಶದಲ್ಲಿ ಇನ್ನೊಂದು ಭಾರತ ಇದೆ. ಹೇಗ್ ನಗರದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಮುತ್ತಜ್ಜನ ಕಡೆಯವರು ಬಿಹಾರದವರಂತೆ. ಡಚ್ಚರು ತಮ್ಮ ಸುರಿನಾಮ್ ವಸಾಹತಿನಲ್ಲಿ 1863ರಲ್ಲಿ ಗುಲಾಮಗಿರಿ ರದ್ದು ಮಾಡಿದರು. ಪರಿಹಾರ ಕೊಟ್ಟರು, ತಲೆಗೆ 300 ಗಿಲ್ಡರ್. ಯಾರಿಗೆ? ಒಡೆಯರಿಗೆ! ಗುಲಾಮರು ಮತ್ತೆ ಹತ್ತು ವರ್ಷ ತೋಟಗಳಲ್ಲೇ ದುಡಿಯಬೇಕಾಯಿತು, 1873ರವರೆಗೆ. ಅವರು ಬಿಟ್ಟು ಹೋಗುವ ಜಾಗಕ್ಕೆ ಕಲ್ಕತ್ತೆಯಿಂದ ಲಲ್ಲಾ ರೂಖ್ ಎಂಬ ಹಡಗಿನಲ್ಲಿ ಕೂಲಿಗಳು ಬಂದಿಳಿದದ್ದು ಅದೇ 1873ರ ಜೂನ್ 5ಕ್ಕೆ. ಅದೂ ಒಂದು ವಿನಿಮಯವೇ ಅಲ್ಲವೆ? 'ಜಾತಿ ಹಡಗಿನಲ್ಲೇ ಬಿದ್ದುಹೋಯಿತು ಅಂತ ಅಜ್ಜಿ ಹೇಳ್ತಿದ್ದಳು, ನಮ್ಮದು ಯಾವುದೋ ಗೊತ್ತಿಲ್ಲ' ಅಂತ ಆ ಹುಡುಗಿ ನಕ್ಕಳು. ಕೂಲಿಯವರ ಹಡಗಿನಲ್ಲಿ ಬಿದ್ದುಹೋದದ್ದು ನಮ್ಮ ಸರ್‌ನೇಮ್ ಗೆಳೆಯನ ವಿಮಾನದಲ್ಲಿ ಜೋಪಾನವಾಗಿ ಬಂದಿತ್ತು.

2023ರ ಜುಲೈ 1ರಂದು ಡಚ್ ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಆಮ್‌ಸ್ಟರ್‌ಡ್ಯಾಮಿನ ಓಸ್ಟರ್‌ಪಾರ್ಕಿನಲ್ಲಿ ನಿಂತು ಗುಲಾಮಗಿರಿಗಾಗಿ ಕ್ಷಮೆ ಕೇಳಿದ. ನಾನು ಆ ಜನದ ನಡುವೆ ಇದ್ದೆ. ಅಳುತ್ತಿದ್ದವರಿದ್ದರು, ಬರೀ ಮಾತು ಅಂತ ಬೈದವರೂ ಇದ್ದರು. ನನಗೆ ಒಂದೇ ಯೋಚನೆ: ನಮ್ಮ ಜನರ ಮುಂದೆ ಹೀಗೆ ನಿಂತವರು ಯಾರು?

ನಿಲ್ಲುವುದಿರಲಿ, ನಮ್ಮ ಸರ್ಕಾರದ ಕೆಲಸ ನೋಡಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇರುವುದು ಎಂ.ಎ., ಪಿಎಚ್.ಡಿ.ಗೆ. ವಿನಿಮಯದ ಸೆಮಿಸ್ಟರಿಗೆ ಒಂದು ಪೈಸೆಯೂ ಇಲ್ಲ. ಅದಕ್ಕೂ 2022ರಲ್ಲಿ ಹೊಸ ನಿಯಮ ತಂದರು: ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜದ ಬಗ್ಗೆ ಹೊರಗೆ ಓದುವವರಿಗೆ ಹಣವಿಲ್ಲ! ಹಾಲೆಂಡಿನ ಲೈಡನ್ನಿನಲ್ಲಿ 1865ರಿಂದ ಸಂಸ್ಕೃತದ ಪೀಠ ಇದೆ. ಅವರು ನಮ್ಮ ದೇಶವನ್ನು ಅಲ್ಲಿ ಕೂತು ಓದಬಹುದು, ಕೇರಿಯ ಹುಡುಗ ಅಲ್ಲಿ ಹೋಗಿ ತನ್ನ ಕೇರಿಯ ಬಗ್ಗೆ ಓದಬಾರದು. ಯಾವನ ಗುಟ್ಟು ಹೊರಬೀಳುತ್ತೆ ಅಂತ ಹೆದರಿಕೆ? ಬಾಬಾಸಾಹೇಬರು 1913ರಲ್ಲಿ ಬರೋಡದ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದರು, 1916ರಲ್ಲಿ ಅಲ್ಲಿ ಓದಿದ ಪ್ರಬಂಧ ಜಾತಿಗಳ ಹುಟ್ಟಿನ ಬಗ್ಗೆ. ಇವತ್ತಾಗಿದ್ದರೆ ಅವರ ಅರ್ಜಿಯೇ ವಾಪಸು! ಹಣದ ಅವಧಿ ಮುಗಿದು 1917ರಲ್ಲಿ ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಬಂದವರು, ಹಣ ಕೂಡಿಸಿ ಮತ್ತೆ ಹೋದದ್ದು 1920ರಲ್ಲಿ.

ನಮ್ಮ ಅರ್ಥಶಾಸ್ತ್ರದ ಗೆಳತಿ ಈಗ ತಾಲ್ಲೂಕಿನ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಈ ಬರಹ ತೋರಿಸಿದೆ. 'ಗೋಳು ಸಾಕು, ಏನು ಕೇಳಬೇಕು ಅಂತ ಬರಿ' ಅಂತ ಬೈದಳು. ಬರೆಯುತ್ತೇನೆ. ವಿನಿಮಯದ ಸುತ್ತೋಲೆ ಬಂದ ದಿನವೇ ಹಾಸ್ಟೆಲ್ ಬೋರ್ಡಿಗೆ ಬರಲಿ. ಆಯ್ಕೆಯಾದವರ ಪಟ್ಟಿ, ಅಂಕ ಸಮೇತ, ಗೋಡೆಗೆ ಅಂಟಲಿ. ಖರ್ಚಿನ ಹಣವನ್ನು ಸರ್ಕಾರ ವೀಸಾಕ್ಕೆ ಮೊದಲೇ ಖಾತೆಗೆ ಹಾಕಲಿ, ಬಂದ ಮೇಲೆ ಬಿಲ್ಲು ಕೊಡಿ ಅನ್ನುವ ನಾಟಕ ಬೇಡ. ಒಪ್ಪಂದದ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಹತ್ತು ರೂಪಾಯಿ. ಹಾಸ್ಟೆಲಿನಲ್ಲಿ ಪಾಸ್‌ಪೋರ್ಟ್ ಇಲ್ಲದವರೆಲ್ಲ ಈ ತಿಂಗಳೇ ಮಾಡಿಸಿ, ಫೀ 1500 ರೂಪಾಯಿ, ಇಲ್ಲದವರಿಗೆ ಇದ್ದವರು ಕೂಡಿಸಿ ಕೊಡಿ. ಪೊಲೀಸಿನವನು ವಿಚಾರಣೆಗೆ ಬಂದು ಟೀ ಖರ್ಚಿಗೆ ಅಂದರೆ, ಟೀ ಕುಡಿಸಿ ಕಳಿಸಿ.