ಕೇಳುವ ಕಿವಿಗಳು

ಲಂಡನ್ನಿನ ಟ್ರಫಾಲ್ಗರ್ ಚೌಕದ ಬದಿಯಲ್ಲಿ 1726ರಲ್ಲಿ ಕಟ್ಟಿ ಮುಗಿಸಿದ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಎಂಬ ಚರ್ಚಿದೆ. ಅಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಯುವ ಪಿಯಾನೋ ವಾದಕರು ನುಡಿಸುತ್ತಾರೆ. ಇನ್ನೂ ಹೆಸರು ಮಾಡದ ಕಲಾವಿದರಿಗೆ ಬಂದು ಕೂತು ಕೇಳುವವರೇ ಆಸರೆ.

ಎದುರಿನ ನ್ಯಾಷನಲ್ ಗ್ಯಾಲರಿಯಲ್ಲೂ ಹೀಗೆಯೇ ನಡೆದಿತ್ತು. 1939ರಲ್ಲಿ ಯುದ್ಧದಿಂದಾಗಿ ನಗರದ ಸಭಾಂಗಣಗಳು ಮುಚ್ಚಿದಾಗ ಪಿಯಾನೋ ವಾದಕಿ ಮೈರಾ ಹೆಸ್ ಅಲ್ಲಿ ಮಧ್ಯಾಹ್ನದ ಸಂಗೀತ ಆರಂಭಿಸಿದರು. ಪ್ರವೇಶಕ್ಕೆ ಒಂದು ಶಿಲ್ಲಿಂಗ್. 1946ರವರೆಗೆ 1,698 ಕಾರ್ಯಕ್ರಮಗಳು ನಡೆದವು. ಹೊಸಬರಿಗೂ ವೇದಿಕೆ ಸಿಕ್ಕಿತು.

ಕಲಿತದ್ದನ್ನು ಯಾರೂ ಕೇಳದಿದ್ದರೆ ಉತ್ಸಾಹ ಬಾಡುತ್ತದೆ. ನಿಮ್ಮ ಮಗಳು ತಾನು ಬರೆದ ಪದ್ಯ ತಂದಾಗ, ಮಗ ಭಾಷಣ ಒಪ್ಪಿಸಲು ನಿಂತಾಗ, ‘ಈಗ ಕೆಲಸವಿದೆ, ಆಮೇಲೆ’ ಎನ್ನುತ್ತೀರಾ? ಒಲೆ ಆರಿಸಿ ಹತ್ತು ನಿಮಿಷ ಕೂತು ಕೇಳಿ. ಮಗುವಿನ ಮೊದಲ ಸಭೆ ಮನೆಯೇ.