ಎತ್ತಿನ ಮೇಲೆ ಪ್ರೀತಿಯಿರಲಿ, ಬುಟ್ಟಿ ಅನ್ನ ಬೇಡ

ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸುವುದು ನಮ್ಮ ಒಕ್ಕಲುತನದ ಹಿರಿಯ ಸಂಪ್ರದಾಯ. ಒಂದು ಹೋಳಿಗೆಯಿಂದ ಯಾವ ಎತ್ತಿಗೂ ಕೇಡಿಲ್ಲ. ಆದರೆ ಮದುವೆ, ಜಾತ್ರೆಗಳಲ್ಲಿ ಉಳಿದ ಅನ್ನ, ಹುಗ್ಗಿಗಳನ್ನು "ಚೆಲ್ಲುವುದೇಕೆ, ದನ ತಿನ್ನಲಿ" ಎಂದು ಬುಟ್ಟಿಗಟ್ಟಲೆ ಸುರಿಯುವುದನ್ನು ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ರೈತ ಬಾಂಧವರು ಬಿಡಲೇಬೇಕೆಂದು ನಾವು ಹೇಳುತ್ತೇವೆ.

ಕಾರಣವು ದನದ ಹೊಟ್ಟೆಯಲ್ಲಿಯೇ ಇದೆ. ಅದಕ್ಕೆ ನಾಲ್ಕು ಕೋಣೆಗಳು. ಮೊದಲನೆಯದು ಎಲ್ಲಕ್ಕೂ ದೊಡ್ಡದು. ಬೆಳೆದ ದನದಲ್ಲಿ ಸುಮಾರು 100 ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ವಾಸವಾಗಿವೆ. ಜೋಳದ ಕಣಿಕೆಯ ನಾರನ್ನು ಅರಗಿಸುವ ಶಕ್ತಿ ದನಕ್ಕೆ ಸ್ವತಃ ಇಲ್ಲ. ಅದನ್ನು ಒಡೆಯುವವು ಈ ಜೀವಿಗಳೇ. ಆಗ ಹುಟ್ಟುವ ಆಮ್ಲಗಳು ರಕ್ತಕ್ಕೆ ಸೇರಿ ದುಡಿಮೆಗೆ ಬಲ ಕೊಡುತ್ತವೆ. ಕಡೆಗೆ ಈ ಜೀವಿಗಳೂ ಮುಂದಿನ ಕೋಣೆಗಿಳಿದು ಜೀರ್ಣವಾಗಿ ಮೈಕಟ್ಟಿಗೆ ಒದಗುತ್ತವೆ. ಅಂದ ಮೇಲೆ ಗೋದಲಿಯ ಮೇವು ಮೊದಲು ಅವುಗಳ ಊಟ, ಅನಂತರ ದನದ ಊಟ.

ಕಣಿಕೆ ತಿಂದ ದನ ದಿನಕ್ಕೆ ಏಳೆಂಟು ತಾಸು ಮೆಲುಕು ಹಾಕುತ್ತದೆ. ಹೀಗೆ ಇಳಿಯುವ ಹೇರಳ ಜೊಲ್ಲು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ. ಮೆತ್ತನೆಯ ಅನ್ನಕ್ಕೆ ಮೆಲುಕು ಬೇಕಿಲ್ಲ, ಜೊಲ್ಲೂ ಸಾಲದು. ಅದರ ಪಿಷ್ಟವು ಕೆಲವೇ ತಾಸುಗಳಲ್ಲಿ ಹುಳಿತು, ನಾರು ಒಡೆಯುವ ಜೀವಿಗಳು ಸಾಯುತ್ತವೆ. ದನ ಮೆಲುಕು ಬಿಡುತ್ತದೆ, ತೆಳ್ಳಗೆ ಸಗಣಿ ಹಾಕುತ್ತದೆ, ತೂರಾಡುತ್ತದೆ. ಒಂದೆರಡು ದಿನಗಳಲ್ಲಿ ಪ್ರಾಣ ಬಿಡುವುದೂ ಉಂಟು. ಕಾಳಿನ ಚೀಲಕ್ಕೆ ಬಾಯಿ ಹಾಕಿದ ದನದ ಗತಿಯೂ ಇದೇ.

"ಹಿರಿಯರು ಹಾಕುತ್ತಿರಲಿಲ್ಲವೇ?" ಎಂದು ಕೆಲವರು ಕೇಳಬಹುದು. ನಮ್ಮ ಬಿಳಿಜೋಳದ ಸೀಮೆಯಲ್ಲಿ ಆಗ ಅನ್ನವೆಂದರೆ ಹಬ್ಬದೂಟ. ಬುಟ್ಟಿಗಟ್ಟಲೆ ಉಳಿಯುವ ಮಾತೆಲ್ಲಿ? ಇಂದು ಕಾಲ ಬೇರೆಯಾಗಿದೆ.

ಹೊಸ ಮೇವಿಗೂ ಇದೇ ನ್ಯಾಯ. 2019ರ ಬರದಲ್ಲಿ ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಅನೇಕ ದನಗಳು ಮೇವಿನ ಛಾವಣಿಗಳಲ್ಲಿದ್ದವು. ಅಂಥ ಕಡೆಯಿಂದ ಮನೆಗೆ ಬಂದ ದನಕ್ಕೆ ಹಳೆಯದರೊಡನೆ ಹೊಸ ಮೇವನ್ನು ದಿನದಿನಕ್ಕೆ ತುಸು ತುಸು ಬೆರೆಸುತ್ತ, ಎರಡು ಮೂರು ವಾರಗಳಲ್ಲಿ ರೂಢಿ ಮಾಡಬೇಕು. ಒಳಗಿನ ಜೀವಿಗಳು ಬದಲಾಗಲು ಅಷ್ಟು ಕಾಲ ಬೇಕು.

ಉಳಿದ ಅನ್ನವನ್ನು ತಿಪ್ಪೆಗೆ ಹಾಕಿ, ಮೇಲೆ ಮಣ್ಣು ಮುಚ್ಚಿರಿ; ಗೊಬ್ಬರವಾದೀತು. ದನ ಮರೆತು ತಿಂದಿದ್ದರೆ ಬೆಳಗಿನವರೆಗೆ ಕಾಯದೆ ಪಶುವೈದ್ಯರನ್ನು ಕರೆಯಿರಿ. ಒಂದು ಬುಟ್ಟಿ ಅನ್ನ ಉಳಿಸಹೋಗಿ ಒಂದು ಖಿಲ್ಲಾರಿ ಎತ್ತನ್ನು ಕಳೆದುಕೊಳ್ಳುವುದು ಯಾವ ಲೆಕ್ಕದ ಮಿತವ್ಯಯ?